ಹುಡುಗನಿಗ್ಯಾಕ್ರೀ ಈ ಇಂಜೆಕ್ಷನ್?

ನೆನಪಿದೆಯಾ ವೀಕ್ಷಕರೇ, 2017ರ ಫೆಬ್ರವರಿ? ನಮ್ಮ ರಾಜ್ಯದ ಶಾಲೆ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕ್ತಾ ಇದ್ದರು. 9 ತಿಂಗಳ ಕೂಸಿನಿಂದ 15 ವರ್ಷದೊಳಗಿನವರ ತನಕ, ಗಂಡು ಹೆಣ್ಣು ಅನ್ನದೆ ಎಲ್ಲರಿಗೂ. ವಾಟ್ಸಾಪ್‌ನಲ್ಲಿ ಗಾಳಿಸುದ್ದಿ ಹಬ್ಬಿತು. ಅದನ್ನು ಬಿಡಿ. ಆದರೆ ಒಂದು ಪ್ರಶ್ನೆ ನ್ಯಾಯವಾದದ್ದೇ: ರುಬೆಲ್ಲಾ ಅಪಾಯ ಗರ್ಭಿಣಿಗೆ ಅಂತೀರಿ, ನಮ್ಮ ಹುಡುಗನಿಗ್ಯಾಕ್ರೀ ಸೂಜಿ?

ಉತ್ತರಕ್ಕೆ 1941ರ ಸಿಡ್ನಿಗೆ ಹೋಗಬೇಕು. ನಾರ್ಮನ್ ಗ್ರೆಗ್ ಅಂತ ಒಬ್ಬ ಕಣ್ಣಿನ ಡಾಕ್ಟರ್. ಕಣ್ಣಿನ ಪೊರೆ ಅಂದರೆ ವಯಸ್ಸಾದವರ ಕಾಯಿಲೆ ತಾನೇ? ಅವರ ಬಳಿಗೆ ಬರ್ತಾ ಇದ್ದದ್ದು ಪೊರೆ ಬಂದ ಹಸುಗೂಸುಗಳು, ಒಂದರ ಹಿಂದೆ ಒಂದು. ಎಷ್ಟೋ ಕೂಸುಗಳಿಗೆ ಹೃದಯದ ತೊಂದರೆ ಕೂಡ. ಗ್ರೆಗ್ ತಾಯಂದಿರನ್ನೇ ವಿಚಾರಿಸಿದರು. 78 ಮಕ್ಕಳ ಪೈಕಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು! ದೊಡ್ಡ ದೊಡ್ಡ ವೈದ್ಯರೇ ಮೊದಲು ಅನುಮಾನಪಟ್ಟರು. ತಾಯಂದಿರ ಮಾತೇ ನಿಜವಾಯಿತು.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಅರ್ಥವಾಗೋದು ಹೀಗೆ: ಮೊದಲ ಮೂರು ತಿಂಗಳು ಅಡಿಪಾಯ ಹಾಕೋ ಕಾಲ. ಕಣ್ಣು, ಕಿವಿ, ಹೃದಯ ರೂಪುಗೊಳ್ಳೋದು ಆಗಲೇ. ತಾಯಿಗೆ ಸಣ್ಣ ಜ್ವರ, ಮೈಮೇಲೆ ಮೂರು ದಿನ ಕೆಂಪು ಗುಳ್ಳೆ, ಅಷ್ಟೇ. ಕೆಲವರಿಗೆ ಅದೂ ಗೊತ್ತಾಗಲ್ಲ. ಆದರೆ ಬಸುರಿನ ಆರಂಭದಲ್ಲಿ ಸೋಂಕು ತಗುಲಿದರೆ ಅದು ಮಗುವಿಗೆ ದಾಟುವ ಸಾಧ್ಯತೆ ಶೇ. 90 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದಲ್ಲಿ 1964-65ರ ಒಂದೇ ಹಾವಳಿಯಲ್ಲಿ ಇಂಥ ತೊಂದರೆ ಹೊತ್ತು ಹುಟ್ಟಿದ ಮಕ್ಕಳು ಸುಮಾರು 20 ಸಾವಿರ. ಕಿವಿ ಕೇಳದವರೇ ಸಾವಿರಾರು. ಹೊಟ್ಟೆಯಲ್ಲಿರುವ ಮಗುವನ್ನು ಇದರಿಂದ ಪಾರುಮಾಡುವ ಔಷಧಿ ಇವತ್ತಿಗೂ ಇಲ್ಲ ಸ್ವಾಮಿ.

ಈಗ ಹುಡುಗನ ವಿಷಯಕ್ಕೆ ಬನ್ನಿ. ಅವನು ಕೆಮ್ಮಿದರೆ ಸಾಕು, ವೈರಸ್ ಹರಡುತ್ತೆ. ಕ್ಲಾಸ್ ಟೀಚರ್ ಎರಡು ತಿಂಗಳ ಬಸುರಿ ಇರಬಹುದು. ಮನೆಯಲ್ಲಿ ಚಿಕ್ಕಮ್ಮ ಇರಬಹುದು. ಅದಕ್ಕೇ ಅವನ ತೋಳಿಗೂ ಸೂಜಿ.

ನನಗೆ ಕಾಡೋದು ಇನ್ನೊಂದು ಲೆಕ್ಕ. 2017ರಲ್ಲಿ 15 ದಾಟಿದ್ದ ಹುಡುಗಿಯರು ಆ ಅಭಿಯಾನದಿಂದ ಹೊರಗುಳಿದರಲ್ಲ? ಅವರೀಗ ತಾಯಂದಿರಾಗೋ ವಯಸ್ಸಿನಲ್ಲಿದ್ದಾರೆ. ಮದುವೆ ಛತ್ರಕ್ಕೆ ಆರು ತಿಂಗಳು ಮುಂಚೆಯೇ ಓಡಾಡ್ತೀರಿ. ಹಾಗೇ ಡಾಕ್ಟರ್ ಹತ್ತಿರ ಈ ಲಸಿಕೆಯ ಮಾತೂ ಕೇಳಿಬಿಡಿ. ಬಸುರಾದ ಮೇಲೆ ಇದನ್ನು ಕೊಡೋದಿಲ್ಲ. ಹಾಕಿಸಿಕೊಂಡ ಮೇಲೂ ಕನಿಷ್ಠ ಒಂದು ತಿಂಗಳು ಕಾಯಬೇಕು.