ಗಡಿಯ ಮನೆಗಳಲ್ಲಿ ಕುಟುಂಬಯೋಜನೆ

ತೆರೆಯ ಮೇಲಿನ ಭೂಪಟದಲ್ಲಿ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಎಂಬ ಮೂರು ಊರುಗಳನ್ನು ನೋಡಿ. 1956ರವರೆಗೆ ಮೊದಲಿನ ಎರಡು ಬೀದರ್ ಜಿಲ್ಲೆಗೂ ಮೂರನೆಯದು ಗುಲ್ಬರ್ಗಕ್ಕೂ ಸೇರಿದ್ದುವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶದ (ಇಂದಿನ ತೆಲಂಗಾಣದ) ಪಾಲಾಗಿ, ಶಾಲೆ ಕಚೇರಿಗಳ ಭಾಷೆ ಕ್ರಮೇಣ ತೆಲುಗಾಯಿತು. ಅನೇಕ ಮನೆಗಳ ಒಳಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ಬಸುರು ಬಾಣಂತನಗಳಂಥ ಅಂತರಂಗದ ವಿಷಯವನ್ನು ಕುರಿತು ಸರ್ಕಾರವು ಪ್ರಜೆಯೊಡನೆ ಮಾತನಾಡಲು ಹೊರಟಾಗ ಈ ಭೇದವು ಎಷ್ಟು ಗುರುತರವಾಗುತ್ತದೆಂಬುದನ್ನು ಅರಿಯಲು ತುಸು ಹಿಂದಿನ ಚರಿತ್ರೆಗೆ ಹೋಗಬೇಕು.

ಆ ಚರಿತ್ರೆಯ ಆರಂಭದಲ್ಲಿ ಕನ್ನಡನಾಡಿಗೆ ಗೌರವದ ಸ್ಥಾನವಿದೆ. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಿತ್ತಿತು. 1952ರಲ್ಲಿ ಭಾರತವು ಕುಟುಂಬಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡ ಸುಮಾರಿಗೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಸುರಕ್ಷಿತ ದಿನಗಳ ಎಣಿಕೆಯ ಪ್ರಯೋಗ ನಡೆಯಿತು. ಎಣಿಕೆ ತಪ್ಪದಿರಲೆಂದು ಸ್ತ್ರೀಯರಿಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ನಾಲ್ವರೆದುರು ಅದನ್ನು ಧರಿಸುವ ನಾಚಿಕೆ, ಇರುಳಿನಲ್ಲಿ ಬಣ್ಣ ತಿಳಿಯದ ತೊಡಕು, ಎಲ್ಲರಲ್ಲೂ ಒಂದೇ ಕ್ರಮವನ್ನು ಅನುಸರಿಸದ ದೇಹಧರ್ಮ, ಇವುಗಳಿಂದ ಪ್ರಯೋಗವು ಫಲಿಸಲಿಲ್ಲ. ಆದರೂ ಹೆಣ್ಣಿಗೆ ಆಕೆಯ ದೇಹದ ವಿಚಾರವನ್ನು ಬಿಡಿಸಿ ಹೇಳುವ ಪ್ರಯತ್ನ ಅಲ್ಲಿದ್ದುದರಿಂದ, ಆ ಸೋಲು ನನಗೆ ಮುಂದಿನ ಎಷ್ಟೋ ಗೆಲುವುಗಳಿಗಿಂತ ಆದರಣೀಯವಾಗಿ ತೋರುತ್ತದೆ.

1965ರಲ್ಲಿ, ಬಸಿರನ್ನು ತಡೆಯಲು ಗರ್ಭಾಶಯದೊಳಗೆ ಇರಿಸುವ ಲೂಪ್ ಬಂದಿತು. ಅದನ್ನು ಹಾಕಿಸಿಕೊಂಡವರಲ್ಲಿ ಕೆಲವರಿಗೆ ರಕ್ತಸ್ರಾವವೂ ಹೊಟ್ಟೆನೋವೂ ಆಗುವ ಸಂಭವವನ್ನು ಮುಂಚಿತವಾಗಿ ತಿಳಿಸಿದ್ದರೆ ಅವರು ಧೈರ್ಯವಾಗಿ ಆಸ್ಪತ್ರೆಗೆ ಮರಳುತ್ತಿದ್ದರು. ತಿಳಿಸದೆ ಬಿಟ್ಟಲ್ಲಿ ಭಯವು ವದಂತಿಯಾಗಿ ಹಬ್ಬಿ, ಆ ಸಾಧನವನ್ನೇ ಜನ ದೂರವಿಟ್ಟರು.

1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ದೂರದರ್ಶನದ ಪ್ರಯೋಗವು ದೇಶದ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಕುಟುಂಬಯೋಜನೆಗಳ ಪಾಠವನ್ನು ತಂದಾಗ, ಗುಲ್ಬರ್ಗದ ಗ್ರಾಮಗಳಿಗೆ ಕನ್ನಡವೂ ಜಹೀರಾಬಾದ್, ನಾರಾಯಣಖೇಡ್‌ಗಳು ಸೇರಿದ್ದ ಮೇದಕ್ ಜಿಲ್ಲೆಯ ಗ್ರಾಮಗಳಿಗೆ ತೆಲುಗೂ ಒಂದೇ ಆಕಾಶದಿಂದ ಇಳಿದುವು. ಭಾಷೆಯನ್ನು ನಿರ್ಣಯಿಸಿದ್ದು ಜಿಲ್ಲೆಯ ಗಡಿಯೇ ಹೊರತು ಮನೆಯ ಮಾತಲ್ಲ. ಅದು ತುರ್ತುಪರಿಸ್ಥಿತಿಯ ಕಾಲವೂ ಆಗಿದ್ದಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದುವು, ಅವುಗಳಲ್ಲಿ ಹೆಚ್ಚಿನವು ಗಂಡಸರವು, ಅನೇಕವು ಬಲವಂತದಿಂದ ಮಾಡಿದುವು. ಆ ಬಲಾತ್ಕಾರದ ಬಳಿಕ ಗಂಡಸರು ಹಿಂಜರಿದರು, ಹೊರೆಯೆಲ್ಲ ಹೆಂಗಸರ ಮೇಲೆ ಬಿದ್ದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಸ್ತ್ರೀಯರ ಆಪರೇಶನ್ನನ್ನು ಆಶ್ರಯಿಸಿದ ದಂಪತಿಗಳು ಶೇ. 37.9, ಪುರುಷರದನ್ನು ಆಶ್ರಯಿಸಿದವರು ಶೇ. 0.3, ತೆಲಂಗಾಣದಲ್ಲಿ ಮೊದಲನೆಯ ಪ್ರಮಾಣವು ಶೇ. 60ನ್ನು ಮೀರುತ್ತದೆ.

2022ರ ಆಗಸ್ಟ್ 25ರಂದು ಅದೇ ರಾಜ್ಯದ ರಂಗಾರೆಡ್ಡಿ ಜಿಲ್ಲೆಯ ಇಬ್ರಾಹಿಂಪಟ್ಟಣದ ಸಂತಾನಹರಣ ಶಿಬಿರದಲ್ಲಿ ಲ್ಯಾಪರೊಸ್ಕೋಪಿಕ್ ಆಪರೇಶನ್ ಮಾಡಿಸಿಕೊಂಡ 34 ಮಂದಿಯಲ್ಲಿ ನಾಲ್ವರು ತಾಯಂದಿರು ಮುಂದಿನ ಕೆಲವು ದಿನಗಳಲ್ಲಿ ತೀರಿಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿಯೇ ವಿಧಿಸಿತ್ತೆಂಬುದನ್ನು ನೆನೆದರೆ ಮನಸ್ಸು ಕುದಿಯುತ್ತದೆ.

ತೆಲಂಗಾಣದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಎರಡು ಮಕ್ಕಳೂ ಇಲ್ಲದಿರುವಾಗ, ಇಂದಿನ ಮುಖ್ಯ ಅಗತ್ಯವು ಸಂಖ್ಯೆಯನ್ನು ತಗ್ಗಿಸುವುದಲ್ಲ. ಎಳೆಯ ಪ್ರಾಯದ ಬಸಿರನ್ನು ತಡೆಯುವುದು, ಹೆರಿಗೆಗಳ ನಡುವೆ ಅಂತರ ಕೊಡುವುದು. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು ಅದಕ್ಕೆ ಒದಗುತ್ತದೆ. ಆದರೆ ನಾರಾಯಣಖೇಡದ ತಾಂಡದಿಂದ ಕಬ್ಬು ಕಡಿಯಲು ಗುಳೆ ಹೋಗುವವಳು ಮುಂದಿನ ಸೂಜಿಯನ್ನು ಎಲ್ಲಿ ಹಾಕಿಸಿಕೊಳ್ಳಬೇಕು?

ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ ನಡೆಸುತ್ತಿರುವ ಸಂಘಂ ರೇಡಿಯೋ, ಊರಿನ ಕಂಠದಲ್ಲಿ ಊರಿನ ವಿಷಯವನ್ನು ಹೇಳಬಹುದೆಂಬುದನ್ನು ತೋರಿಸಿಕೊಟ್ಟಿದೆ. ಅಂಥದೇ ಪರಿಚಿತ ದನಿಯಲ್ಲಿ, ಕನ್ನಡದ ಮನೆಯಾದರೆ ಕನ್ನಡದಲ್ಲಿ, ಅತ್ತೆಯೂ ಗಂಡನೂ ಕೇಳುವಂತೆ, ಆಶಾ ಕಾರ್ಯಕರ್ತೆಯು ಸೂಜಿಗೆ ಮೊದಲೇ ಹೇಳಬೇಕಾದುದಿಷ್ಟು: ಈ ಮದ್ದಿನಿಂದ ಮುಟ್ಟು ಏರುಪೇರಾದೀತು, ನಿಂತರೂ ನಿಂತೀತು, ಅದು ರೋಗವಲ್ಲ, ಬಿಟ್ಟ ಮೇಲೆ ಬಸಿರಾಗಲು ಕೆಲವು ತಿಂಗಳು ತಡವಾದೀತು, ಆದರೆ ಬಂಜೆತನ ಬಾರದು, ರಕ್ತಸ್ರಾವ ಮಿತಿಮೀರಿದರೆ ಕಾಯದೆ ಆಸ್ಪತ್ರೆಗೆ ಬಾ, ಬೇಡವೆನಿಸಿದರೆ ಬೇಡವೆನ್ನು.