ಮೂವರ ಕೊರಳು, 624 ದನಿ

ಮಕ್ಕಳೇ, ಬೆಳಗಿನ ಪ್ರಾರ್ಥನೆಯಲ್ಲಿ ಶಾಲೆಯವರೆಲ್ಲ ಒಟ್ಟಿಗೆ ಹಾಡುವುದನ್ನು ದೂರ ನಿಂತು ಕೇಳಿದ್ದೀರಾ? ಯಾರ ದನಿ ಯಾವುದೆಂದು ಗೊತ್ತಾಗುವುದಿಲ್ಲ. ಎಲ್ಲವೂ ಬೆರೆತು ಒಂದೇ ಮೆತ್ತನೆಯ ನಾದವಾಗುತ್ತದೆ. ಅಂಥ ನಾದವನ್ನು ಬರೀ ಮೂರು ಮಂದಿ ಸೇರಿ ಹುಟ್ಟಿಸಿದ ಕಥೆಯೊಂದಿದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದಲ್ಲಿ ಸ್ಟಾಕ್‌ಪೋರ್ಟ್ ಎಂಬ ಊರಿದೆ. ಅಲ್ಲಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ‘ಟೆನ್ ಸಿಸಿ’ ಎಂಬ ತಂಡ ಹಾಡುಗಳನ್ನು ಮುದ್ರಿಸುತ್ತಿತ್ತು. ಎರಿಕ್ ಸ್ಟೀವರ್ಟ್, ಗ್ರಹಾಂ ಗೋಲ್ಡ್‌ಮನ್, ಕೆವಿನ್ ಗಾಡ್ಲಿ, ಲಾಲ್ ಕ್ರೀಮ್ ಈ ತಂಡದ ನಾಲ್ವರು. ಸ್ಟೀವರ್ಟ್ ಮತ್ತು ಗೋಲ್ಡ್‌ಮನ್ ಸೇರಿ ‘ಐ ಆಮ್ ನಾಟ್ ಇನ್ ಲವ್’ ಎಂಬ ಹಾಡು ಕಟ್ಟಿದರು. ಮೊದಲು ಅದನ್ನು ಬ್ರೆಜಿಲ್ ದೇಶದ ಬೊಸಾ ನೋವಾ ತಾಳದಲ್ಲಿ ನುಡಿಸಿದರು. ಅದು ಹಿಡಿಸಲಿಲ್ಲ, ಮುದ್ರಿಸಿದ್ದನ್ನು ಅಳಿಸಿಹಾಕಿದರು. ಆದರೆ ಸ್ಟುಡಿಯೋದ ಕೆಲಸಗಾರರು ಆ ರಾಗವನ್ನು ಗುನುಗುತ್ತಲೇ ಇದ್ದರು. ಹಾಡಿನಲ್ಲಿ ಏನೋ ಸತ್ವವಿದೆ ಎಂದು ತಂಡಕ್ಕೆ ಆಗ ಅನ್ನಿಸಿತು. ವಾದ್ಯಗಳ ಬದಲು ದನಿಗಳಿಂದಲೇ ಹಾಡನ್ನು ತುಂಬಿಸೋಣ ಎಂದರು ಗಾಡ್ಲಿ.

ದೊಡ್ಡ ಗಾಯನವೃಂದವನ್ನು ಕರೆಸುವ ಬದಲು ಅವರು ಟೇಪಿನ ಮೊರೆಹೋದರು. ಟೇಪ್ ಎಂದರೆ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿ ಬಳಿದಿರುತ್ತದೆ. ನಾವು ಹಾಡಿದಾಗ ಗಾಳಿ ಕಂಪಿಸುತ್ತದೆ. ಮೈಕು ಆ ಕಂಪನವನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಟೇಪ್ ಯಂತ್ರದ ‘ಹೆಡ್’ ಎಂಬ ಪುಟ್ಟ ವಿದ್ಯುತ್ಕಾಂತ ತನ್ನ ಮುಂದೆ ಓಡುವ ಪಟ್ಟಿಯ ಪುಡಿಯನ್ನು ಅದಕ್ಕೆ ತಕ್ಕಂತೆ ಕಾಂತವಾಗಿಸುತ್ತದೆ. ಅದೇ ಪಟ್ಟಿ ಮತ್ತೆ ಹೆಡ್ಡಿನ ಮುಂದೆ ಹಾದಾಗ ಕಾಂತ ವಿದ್ಯುತ್ತಾಗಿ, ವಿದ್ಯುತ್ತು ಸದ್ದಾಗಿ ಹೊರಬರುತ್ತದೆ.

ಸ್ಟ್ರಾಬೆರಿಯ ಯಂತ್ರದಲ್ಲಿ ಒಂದೇ ಟೇಪಿನ ಮೇಲೆ ಅಕ್ಕಪಕ್ಕ 16 ದಾರಿಗಳಿದ್ದವು. ಇವನ್ನು ಟ್ರ್ಯಾಕ್ ಎನ್ನುತ್ತಾರೆ. ಗೋಲ್ಡ್‌ಮನ್, ಗಾಡ್ಲಿ, ಕ್ರೀಮ್ ಮೂವರೂ ಮೈಕಿನ ಮುಂದೆ ನಿಂತು ಒಂದೇ ಸ್ವರದಲ್ಲಿ ‘ಆ...’ ಎಂದು ಎಳೆದರು. ಹೀಗೆ 16 ಸಲ ಹಾಡಿ 16 ಟ್ರ್ಯಾಕ್ ತುಂಬಿಸಿದರೆ ಒಂದು ಸ್ವರಕ್ಕೆ 48 ದನಿ. ಆಮೇಲೆ ಮುಂದಿನ ಸ್ವರ, ಅದರ ಮುಂದಿನದು. 13 ಸ್ವರ ಮುಗಿಯುವ ಹೊತ್ತಿಗೆ 624 ದನಿಗಳಾದವು! ಈ ಹಾಡಿಕೆಗೇ ಸುಮಾರು ಮೂರು ವಾರ ಹಿಡಿಯಿತು.

ಆದರೆ ಉಸಿರು ಎಷ್ಟು ಹೊತ್ತು ಬಂದೀತು? ಹಾಡಿನುದ್ದಕ್ಕೂ ಸ್ವರ ನಿಲ್ಲದೆ ಹರಿಯಬೇಕಿತ್ತು. ಅದಕ್ಕೆ ಲಾಲ್ ಕ್ರೀಮ್ ಕೊಟ್ಟ ಉಪಾಯ ‘ಲೂಪ್’. ಟೇಪಿನ ಎರಡು ತುದಿಗಳನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಿದರೆ ಅದು ಬಳೆಯಂತಾಗಿ, ಕೊನೆಯೇ ಇಲ್ಲದೆ ಸುತ್ತುತ್ತದೆ. ಅಂಟಿಸಿದ ಜಾಗ ಹೆಡ್ಡಿನ ಮುಂದೆ ಬಂದಾಗಲೆಲ್ಲ ‘ಟಿಕ್’ ಎನ್ನುವ ಅಪಾಯವಿತ್ತು. ಅದು ಆದಷ್ಟು ಅಪರೂಪಕ್ಕೆ ಬರಲೆಂದು ಲೂಪನ್ನು ಸುಮಾರು 12 ಅಡಿ ಉದ್ದ ಮಾಡಿದರು. ಅಷ್ಟುದ್ದದ ಟೇಪು ಯಂತ್ರದಲ್ಲಿ ಹಿಡಿಸಲಿಲ್ಲ. ಯಂತ್ರದಿಂದ ಹೊರಬಂದು, ದೂರದಲ್ಲಿ ನಿಲ್ಲಿಸಿದ ಮೈಕ್ ಸ್ಟ್ಯಾಂಡನ್ನು ಸುತ್ತಿಕೊಂಡು ಮರಳಿ ಯಂತ್ರಕ್ಕೆ ಹೋಗುತ್ತಿತ್ತು.

ಕೊನೆಗೆ 13 ಸ್ವರಗಳ ಲೂಪುಗಳನ್ನೂ ಮತ್ತೆ 16 ಟ್ರ್ಯಾಕಿನ ಟೇಪಿಗೆ ಇಳಿಸಿದರು. ಪ್ರತಿ ಸ್ವರದ ಸದ್ದನ್ನು ಏರಿಸಿ ಇಳಿಸಲು ಒಂದೊಂದು ಜಾರುಗುಂಡಿ. ನಾಲ್ವರೂ ಆ ಗುಂಡಿಗಳ ಮೇಲೆ ಬೆರಳಿಟ್ಟು, ಹಾರ್ಮೋನಿಯಂ ನುಡಿಸಿದ ಹಾಗೆ ಅವನ್ನು ನುಡಿಸಿದರು.

ಈಗ ನಿಮಗೊಂದು ಪ್ರಶ್ನೆ. ಒಂದೇ ದನಿಯನ್ನು ಮುದ್ರಿಸಿ ಅದನ್ನೇ 48 ಸಲ ನಕಲು ಮಾಡಿ ಸೇರಿಸಬಹುದಿತ್ತಲ್ಲ? ಅಷ್ಟು ಕಷ್ಟ ಯಾಕೆ? ಹಾಗೆ ಮಾಡಿದರೆ ಸದ್ದು ಜೋರಾಗುತ್ತದೆ, ಅಷ್ಟೇ. ಪ್ರತಿ ನಕಲಿನ ಅಲೆಯೂ ಒಂದೇ ಹೊತ್ತಿಗೆ ಏರಿ, ಒಂದೇ ಹೊತ್ತಿಗೆ ಇಳಿಯುತ್ತದೆ. ನಿಜವಾಗಿ ಹಾಡುವಾಗ ಹಾಗಲ್ಲ. ಒಬ್ಬರ ಸ್ವರ ಸೆಕೆಂಡಿಗೆ 440 ಸಲ ಕಂಪಿಸಿದರೆ ಇನ್ನೊಬ್ಬರದು 442 ಸಲ ಕಂಪಿಸಬಹುದು. ಇಬ್ಬರ ಅಲೆಗಳು ಕೆಲವೊಮ್ಮೆ ಕೂಡುತ್ತವೆ, ಕೆಲವೊಮ್ಮೆ ಒಂದನ್ನೊಂದು ತಗ್ಗಿಸುತ್ತವೆ. ಆಗ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಕುಗ್ಗುತ್ತದೆ. ವಿಜ್ಞಾನಿಗಳು ಇದನ್ನು ‘ಬೀಟ್ಸ್’ ಎನ್ನುತ್ತಾರೆ. 48 ದನಿಗಳಲ್ಲಿ ಇಂಥ ನೂರಾರು ಉಬ್ಬರವಿಳಿತಗಳು ಒಂದರೊಳಗೊಂದು ಬೆರೆತು, ಯಾವುದೂ ಎದ್ದು ಕಾಣದೆ, ನಾದ ಮೃದುವಾಗಿ ಮಿನುಗುತ್ತದೆ.

ಹಾಡಿನ ನಡುವೆ ಒಂದು ಪಿಸುಮಾತೂ ಇದೆ. ಅದು ಸ್ಟುಡಿಯೋದ ಸ್ವಾಗತಕಾರಿಣಿಯ ದನಿ. ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ, ಗಾಳಿ ಮಾತ್ರ ಸುಯ್ಯೆಂದು ನುಗ್ಗುತ್ತದೆ. ಗಂಟಲ ಮೇಲೆ ಬೆರಳಿಟ್ಟು ಒಮ್ಮೆ ‘ಆ’ ಎನ್ನಿ, ಒಮ್ಮೆ ಪಿಸುಗುಟ್ಟಿ. ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

1975ರಲ್ಲಿ ಹಾಡು ಬಿಡುಗಡೆಯಾಯಿತು. ಆ ಜೂನ್‌ನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಅಮೆರಿಕದಲ್ಲಿ ಎರಡನೇ ಸ್ಥಾನ ತಲುಪಿತು.

ಬೀಟ್ಸ್ ಕೇಳಬೇಕೆಂದಿದ್ದರೆ ಮನೆಯಲ್ಲಿ ದೊಡ್ಡವರ ಎರಡು ಮೊಬೈಲ್ ಕೇಳಿ ಪಡೆಯಿರಿ. ಸ್ವರ ಹೊರಡಿಸುವ ಟೋನ್ ಜನರೇಟರ್ ಆ್ಯಪಿನಲ್ಲಿ ಒಂದಕ್ಕೆ 440, ಇನ್ನೊಂದಕ್ಕೆ 442 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪನ) ಇಟ್ಟು ಪಕ್ಕಪಕ್ಕದಲ್ಲಿ ನುಡಿಸಿ. ಆಮೇಲೆ ಎರಡಕ್ಕೂ 440 ಇಟ್ಟು ನೋಡಿ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನು ಮುಂದೆ ಗುಂಪಿನಲ್ಲಿ ಹಾಡುವಾಗ ನಿಮ್ಮ ದನಿ ಪಕ್ಕದವರಿಗಿಂತ ಒಂದಿಷ್ಟು ಬೇರೆಯಾಗಿದೆಯೆಂದು ಹಿಂಜರಿಯಬೇಡಿ, ಬಾಯ್ತುಂಬ ಹಾಡಿ.