ನಡುವಿನ ಮಣ್ಣು

ಜ್ಯೇಷ್ಠಮಾಸದ ಅಮಾವಾಸ್ಯೆ ಬಂದಿತೆಂದರೆ ಬಳ್ಳಾರಿ ಸೀಮೆಯ ಮನೆಗಳಲ್ಲಿ ಮಣ್ಣಿನ ಎತ್ತುಗಳು ಮೈದಳೆಯುತ್ತವೆ. ಜಿಗುಟು ಮಣ್ಣನ್ನು ತಂದು ನಾದಿ, ಕೊಂಬು, ಹಿಣಿಲು, ಬಾಲಗಳನ್ನು ತಿದ್ದಿ, ಜೋಡೆತ್ತುಗಳನ್ನು ಜಗಲಿಯ ಮೇಲೆ ನಿಲ್ಲಿಸಿ ಎಡೆ ಮಾಡುತ್ತಾರೆ. ಮಣ್ಣು, ಎತ್ತು, ಕಾಳು ಈ ಮೂರನ್ನೂ ಒಂದೇ ಭಾವದಲ್ಲಿ ಕೂಡಿಸಿದವರು ನಾವು ಮಾತ್ರವೆಂದು ನಾನು ಬಹುಕಾಲ ತಿಳಿದಿದ್ದೆ. ಚೀನದ ಪ್ರಾಚೀನ ವೈದ್ಯಗ್ರಂಥವಾದ 'ಹುವಾಂಗ್‌ದಿ ನೈಜಿಂಗ್'ನ ವಿಚಾರಗಳ ಪರಿಚಯವಾದ ಮೇಲೆ ಆ ಅಭಿಮಾನ ಸ್ವಲ್ಪ ಸಡಿಲಿತು. ಸಂತೋಷ ಮಾತ್ರ ಹೆಚ್ಚಿತು.

ಸುಮಾರು 2000 ವರ್ಷಗಳ ಹಿಂದೆ ರೂಪುಗೊಂಡ ಆ ಗ್ರಂಥ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳನ್ನು ಹೇಳುತ್ತದೆ. ಉಳಿದ ನಾಲ್ಕಕ್ಕೆ ನಾಲ್ಕು ದಿಕ್ಕುಗಳಾದರೆ ಮಣ್ಣಿನ ಸ್ಥಾನ ನಡುವೆ. ಅದರ ಬಣ್ಣ ಹಳದಿ, ರುಚಿ ಸಿಹಿ, ಪ್ರಾಣಿ ಎತ್ತು, ಧಾನ್ಯ ಬರಗು ನವಣೆಗಳ ಕುಲದ ಕಿರುಧಾನ್ಯ. ಒಂದು ಲೆಕ್ಕದಂತೆ ಅದಕ್ಕೆ ತನ್ನದೇ ಆದ ಋತುವಿಲ್ಲ. ಪ್ರತಿಯೊಂದು ಋತುವಿನ ಕೊನೆಯ 18 ದಿನಗಳು ಅದರ ಪಾಲು. ಎಂದರೆ, ಯಾವ ಬದಲಾವಣೆಯೂ ಮಣ್ಣನ್ನು ಮುಟ್ಟದೆ ಮುಂದಕ್ಕೆ ಸಾಗದು.

ದೇಹದಲ್ಲಿ ಈ ಮಣ್ಣಿನ ನೆಲೆ ಜಠರ ಮತ್ತು ಗುಲ್ಮ. ಇಂದಿನ ಶರೀರಶಾಸ್ತ್ರ ಗುಲ್ಮವನ್ನು ರಕ್ತವನ್ನು ಸೋಸುವ ಅಂಗವೆನ್ನುತ್ತದೆ. ಚೀನೀ ವೈದ್ಯರಿಗೆ ಅದು ಉಂಡ ಅನ್ನವನ್ನು ಬಲವಾಗಿ ಮಾರ್ಪಡಿಸಿ ಅಂಗಾಂಗಗಳಿಗೆ ಹಂಚುವ ಶಕ್ತಿಯ ಹೆಸರು. ಆದುದರಿಂದ ಇದನ್ನು ಪ್ರಯೋಗಶಾಲೆಯ ಸತ್ಯವೆಂದು ಎಣಿಸದೆ, ಬದುಕನ್ನು ನೋಡುವ ಒಂದು ಬಗೆಯೆಂದು ಎಣಿಸುವುದು ಲೇಸು. ಅತಿಯಾದ ಚಿಂತೆ ಈ ನಡುವನ್ನು ಕೆಡಿಸುತ್ತದೆಂದು ಅವರು ಹೇಳಿದರು. ಸಿಹಿರಸವು ಪೃಥ್ವಿ ಮತ್ತು ಜಲಗಳಿಂದ ಹುಟ್ಟಿ ದೇಹವನ್ನು ಬೆಳೆಸುತ್ತದೆಂದು ನಮ್ಮ ಆಯುರ್ವೇದವೂ ಹೇಳಿತು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಗೆ ಎರಡು ದೇಶಗಳ ವೈದ್ಯರೂ ರುಜು ಹಾಕಿಯಾರು.

ಆದರೆ ಊಟವೇ ಇಲ್ಲದವನ ಪಾಡೇನು? ಈ ಪ್ರಶ್ನೆಯನ್ನು ಎದುರಿಸಿದವನು ಲೀ ಗಾವೋ ಎಂಬ ವೈದ್ಯ. 1180ರಿಂದ 1251ರವರೆಗೆ ಬಾಳಿದ ಈತ 1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಹಾಕಿದ ಮುತ್ತಿಗೆಯ ಸಂಕಟವನ್ನು ಕಂಡವನು. ಮುತ್ತಿಗೆ ತೆರವಾದ ಮೇಲೂ ಜನ ಸಾಯುತ್ತಲೇ ಇದ್ದರು. ಹೊರಗಿನ ಶೀತ ತಗುಲಿತೆಂದು ವೈದ್ಯರು ಮದ್ದು ಕೊಟ್ಟರು. ಲೀ ಗಾವೋ ಬೇರೆ ಮಾತು ಹೇಳಿದ: ಹಸಿವು, ದಣಿವು, ಭೀತಿಗಳಿಂದ ಇವರ ಒಳಗಿನ ಮಣ್ಣೇ ಕುಸಿದಿದೆ, ಮೊದಲು ಅದನ್ನು ಎತ್ತಿ ನಿಲ್ಲಿಸಬೇಕು. 1249ರಲ್ಲಿ ಅವನು ಬರೆದ 'ಪೀ ವೇಯ್ ಲುನ್', ಎಂದರೆ ಗುಲ್ಮ ಜಠರಗಳ ವಿವೇಚನೆ, ಈ ಅನುಭವದ ಫಲ.

ಬಳ್ಳಾರಿಯವರಿಗೆ ಇದು ದೂರದ ಕಥೆಯಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಅಂದಿನ ಮದರಾಸು ಪ್ರಾಂತದ ಈ ಜಿಲ್ಲೆ ಬಹುವಾಗಿ ನೊಂದಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ಕೂಲಿಯನ್ನು ಇಳಿಸಿದ. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಪ್ರತಿಭಟಿಸಿದ. 1877ರಲ್ಲಿಯೇ ಆ ಪ್ರಮಾಣ ಏರಿತು. ಕಾರ್ನಿಶ್ ಲೀ ಗಾವೋನನ್ನು ಓದಿದವನಲ್ಲ, ಹಸಿದವರನ್ನು ನೋಡಿದವನು. ಇಬ್ಬರನ್ನೂ ಒಂದೇ ನಿರ್ಣಯಕ್ಕೆ ತಂದದ್ದು ಹಸಿದ ಹೊಟ್ಟೆ. ಬರಗಾಲದಲ್ಲಿ ನಮ್ಮವರು ತೆರೆಯುವ ಗಂಜಿಕೇಂದ್ರದ ಹಿಂದೆಯೂ, ಚೀನದಲ್ಲಿ ನಿತ್ರಾಣನಾದವನಿಗೆ ಮೊದಲು ಉಣಿಸುವ ತೆಳು ಗಂಜಿಯ ಹಿಂದೆಯೂ ಇರುವುದು ಒಂದೇ ವಿವೇಕ.

ಈ ನೆಲದ ಅನ್ನದ ಚರಿತ್ರೆ ಇನ್ನೂ ಹಳೆಯದು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆಗಳನ್ನು ಉಂಡ ಕುರುಹುಗಳು ದೊರೆತಿವೆ. ಕುಡತಿನಿಯ ಬೂದಿದಿಬ್ಬ ಆ ಕಾಲದ ದನದ ಸಗಣಿ ಸುಟ್ಟು ಉಳಿದದ್ದು. ಕಾಳು ಮತ್ತು ಎತ್ತು ಎಂಬ ಜೋಡಿ ಇಲ್ಲಿ ಸಹಸ್ರಾರು ವರ್ಷಗಳದು. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ನಂದಿ ಶಿವನ ಮುಂದಿನ ವಾಹನವಾಗಿ ಕುಳಿತಿಲ್ಲ. ಆಳೆತ್ತರವನ್ನು ಮೀರಿದ ಏಕಶಿಲೆಯ ಬಸವನೇ ಅಲ್ಲಿಯ ದೇವರು. ಆ ಗುಡಿಯ ನಡುವೆ ನಿಂತಾಗ, ಎತ್ತನ್ನು ಜಗತ್ತಿನ ನಡುವಿನಲ್ಲಿಟ್ಟ ಚೀನೀಯರ ಎಣಿಕೆ ನನಗೆ ಪರಕೀಯವೆನಿಸಲಿಲ್ಲ.

ಚೀನೀ ವೈದ್ಯರ ಇನ್ನೊಂದು ಮಾತುಂಟು: ಮಣ್ಣಿನ ಅಂಗಕ್ಕೆ ತೇವ ಸೇರದು. ನೀರು ಬೇಡವೆಂದಲ್ಲ, ನಿಂತ ನೀರು ಬೇಡವೆಂದು. ಇದರ ಅರ್ಥವನ್ನು ಸಿರುಗುಪ್ಪದ ಕಡೆಯ ಎರೆಹೊಲ ವೈದ್ಯಗ್ರಂಥಕ್ಕಿಂತ ಚೆನ್ನಾಗಿ ವಿವರಿಸುತ್ತದೆ. ಅಲ್ಲಿ ಭತ್ತ ಹೊಸಬನಲ್ಲ; ವಿಜಯನಗರದ ಕಾಲದ ನದಿಗಾಲುವೆಗಳು ಹಿಂದೆಯೂ ಗದ್ದೆಗಳಿಗೆ ನೀರುಣಿಸಿದ್ದವು. ಆದರೆ 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ಮೇಲೆ, ಹಿಂಗಾರಿ ಜೋಳವನ್ನು ಹಿಡಿದಿಟ್ಟ ಹಸಿಯಿಂದಲೇ ಬೆಳೆಯುತ್ತಿದ್ದ ಎರೆಭೂಮಿಗೂ ಕಾಲುವೆ ಹರಿಯಿತು. ಬರದ ಭಯ ಕಡಿಮೆಯಾಯಿತು. ಅನ್ನ ತಟ್ಟೆಗೆ ಬಂದಿತು. ಈ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಎರೆ ನೀರನ್ನು ಸುಲಭವಾಗಿ ಬಿಟ್ಟುಕೊಡದು. ಬಸಿದು ಹೋಗಲು ದಾರಿಯಿಲ್ಲದ ಕಡೆ ಅಂತರ್ಜಲ ಮೇಲೇರಿ, ನೆಲದಾಳದ ಲವಣವನ್ನು ಹೊತ್ತು ತಂದು, ಮೇಲ್ಮೈಯಲ್ಲಿ ಬಿಳಿಯ ಪದರವಾಗಿ ಹರಡುತ್ತದೆ. ರೈತರು ಅದನ್ನು ಸವಳು ಜವಳು ಎನ್ನುತ್ತಾರೆ. ಅತಿಯಾಗಿ ಉಣಿಸಿದ ಮಣ್ಣಿನ ಅಜೀರ್ಣವದು.

ಮದ್ದು ಕೂಡ ಎರಡು ಕಡೆಯೂ ಒಂದೇ ಬಗೆಯದು. ಹೊಲಕ್ಕೆ ಬಸಿಗಾಲುವೆ, ಗೊಬ್ಬರ, ಬೆಳೆಯ ಬದಲಾವಣೆ. ಹೊಟ್ಟೆಗೆ ಹಿತ, ಮಿತ, ಹೊತ್ತಿಗೆ ಸರಿಯಾದ ಊಟ. ರೊಟ್ಟಿ, ನವಣೆ, ಹುರುಳಿಗಳನ್ನು ಬಡತನದ ಗುರುತೆಂದು ತಟ್ಟೆಯಿಂದ ತಳ್ಳಿದ ನಾವು ಈಗ ಅವನ್ನೇ ಆರೋಗ್ಯದ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಕೊಳ್ಳುತ್ತಿದ್ದೇವೆ. ಕೊಳ್ಳುವುದು ತಪ್ಪಲ್ಲ, ಅದನ್ನು ಬೆಳೆಯುವ ಒಣನೆಲವನ್ನು ಮರೆತು ಕೊಳ್ಳುವುದು ತಪ್ಪು.

ಪೂಜೆ ಮುಗಿದ ಮೇಲೆ ಮಣ್ಣಿನ ಎತ್ತು ಮತ್ತೆ ಮಣ್ಣಾಗುತ್ತದೆ. ನಮ್ಮನ್ನು ಹೊತ್ತು ಸಾಕುವ ಆ ನಡುವಿನ ಮಣ್ಣಿಗೆ ನಾವು ಮರಳಿ ಏನನ್ನು ಉಣಿಸುತ್ತಿದ್ದೇವೆ ಎಂಬುದನ್ನು ವರ್ಷಕ್ಕೊಮ್ಮೆ, ಆ ಅಮಾವಾಸ್ಯೆಯಂದಾದರೂ, ನಾವು ಕೇಳಿಕೊಳ್ಳಬೇಕು.